ಬೆವರು ಕಾಣದ ಬೆಟ್ಟ: ಸ್ಯಾನ್ ಹಸಿಂಟೊ ಹತ್ತಲು ನಾನು ಮಾಡಿದ ತಯಾರಿ

ಮೊದಲ ಸಲ ನಾನು ತುದಿ ಮುಟ್ಟಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಿರಸಿಯಲ್ಲಿ ನೆಂಟರಿಗೆಲ್ಲ ತೋರಿಸಿದ ಫೋಟೊ ಎರಡನೇ ಸಲದ್ದು.

ಮಗಳು, ಅಳಿಯ ಇರುವುದು ಲಾಸ್ ಏಂಜಲೀಸ್ ಹತ್ತಿರ. ಅಲ್ಲಿಂದ ಎರಡು ಗಂಟೆ ಕಾರಿನಲ್ಲಿ ಹೋದರೆ ಪಾಮ್ ಸ್ಪ್ರಿಂಗ್ಸ್ ಅಂತ ಮರುಭೂಮಿಯ ಊರು. ಅದರ ಬೆನ್ನಿಗೇ ಗೋಡೆಯ ಹಾಗೆ ನಿಂತಿದೆ ಸ್ಯಾನ್ ಹಸಿಂಟೊ, 3,302 ಮೀಟರ್. ನಮಗೆ ಕಾಡು, ಮಳೆ, ಉಂಬಳ ಇದ್ದದ್ದೇ. ಒಣ ನೆಲವನ್ನು ಮೇಲಿಂದ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ತಿಂಗಳು ಆರಿಸುವುದಕ್ಕೇ ಒಂದು ವಾರ ಹೋಯಿತು. ಚಳಿಗಾಲದಲ್ಲಿ ಮೇಲೆ ಹಿಮ, ಅದು ಕೆಲವು ವರ್ಷ ಮೇ ತನಕವೂ ಇರುತ್ತದಂತೆ. ಜುಲೈ-ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಟ್ರಾಮನ್ನು ರಿಪೇರಿಗೆ ಅಂತ ಕೆಲವು ವಾರ ನಿಲ್ಲಿಸುತ್ತಾರೆ. ಉಳಿದದ್ದು ಅಕ್ಟೋಬರ್. ನನಗೂ ಅದೇ ಅನುಕೂಲ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು ಮನೆಗೆ ವಾಪಸ್ ಬರಬಹುದು.

ತಯಾರಿ ಆದದ್ದು ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ. ಆಗಸ್ಟಿನಿಂದ ದಿನಾ ಬೆಳಗ್ಗೆ ಚಹಾ ಕುಡಿದು, ಬೆನ್ನಿಗೆ ಮಗಳ ಹಳೇ ಶಾಲೆ ಚೀಲ ಹಾಕಿ, ಅದರಲ್ಲಿ ಎರಡೆರಡು ಲೀಟರಿನ ಮೂರು ಬಾಟಲಿ ನೀರು ತುಂಬಿ ಹತ್ತುತ್ತಿದ್ದೆ. ಮೇಲೆ ಹೋಗಿ ನೀರು ಚೆಲ್ಲಿ ಇಳಿಯುತ್ತಿದ್ದೆ, ಮಂಡಿ ಉಳಿಯಲಿ ಅಂತ. ಜಡಿಮಳೆಯಲ್ಲಿ ಬೆಟ್ಟಕ್ಕೆ ನೀರು ಹೊತ್ತು ಚೆಲ್ಲಿ ಬರುವ ಮನುಷ್ಯನನ್ನು ನೋಡಿ ಪಕ್ಕದ ಮನೆಯವರು ಏನಂದುಕೊಳ್ಳಬೇಕು ಅನ್ನುವುದು ಹೆಂಡತಿಯ ತಕರಾರು. ಭಾನುವಾರ ಬಿಡುವಾದರೆ ಯಾಣಕ್ಕೆ ಹೋಗಿ ಮೆಟ್ಟಿಲು ಹತ್ತಿಳಿದು ಬರುತ್ತಿದ್ದೆ. ಎರಡು ತಿಂಗಳಲ್ಲಿ ಕಾಲು ಗಟ್ಟಿಯಾಯಿತು. ಆದರೆ ಕೈಕೊಟ್ಟದ್ದು ಕಾಲಲ್ಲ.

ಮೊದಲ ಸಲ ಬುಧವಾರ ಹೋದೆವು, ಗದ್ದಲ ಕಡಿಮೆ ಅಂತ. ಅದೇ ತಪ್ಪು. ವಾರದ ದಿನ ಮೊದಲ ಟ್ರಾಮ್ ಹೊರಡುತ್ತಿದ್ದದ್ದು ಹತ್ತಕ್ಕೆ. 1963ರಿಂದ ಓಡುತ್ತಿರುವ ಈ ಟ್ರಾಮ್ ಹಗ್ಗದ ಮೇಲೆ ತೂಗಿಕೊಂಡು ಹೋಗುತ್ತದೆ, ಈಗಿನ ಪೆಟ್ಟಿಗೆ ನಿಧಾನಕ್ಕೆ ಸುತ್ತು ತಿರುಗುತ್ತದೆ ಕೂಡ. ಹತ್ತು-ಹನ್ನೆರಡು ನಿಮಿಷದಲ್ಲಿ 806 ಮೀಟರಿನಿಂದ 2,596 ಮೀಟರಿಗೆ ಎತ್ತಿ ಇಡುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದರೆ ನಡಿಗೆ ಶುರುವಾಗುವುದೇ ಅದಕ್ಕಿಂತ ಮೇಲೆ, ಮೈಗೆ ಆ ಗಾಳಿ ಒಗ್ಗಲು ಪುರುಸೊತ್ತೇ ಇಲ್ಲ. ಲಾಂಗ್ ವ್ಯಾಲಿಯ ಚೌಕಿಯಲ್ಲಿ ಕಾಡಿಗೆ ಹೋಗುವ ಚೀಟಿ ತುಂಬಿಸಿ (ಪುಕ್ಕಟೆ, ಆದರೆ ಬೇಕೇ ಬೇಕು) ಹೊರಡುವಾಗ ಹನ್ನೊಂದು ದಾಟಿತ್ತು.

ನೀರು ತಲೆಗೆ ಒಂದೂವರೆ ಲೀಟರ್ ಒಯ್ದಿದ್ದೆವು. ಯಾಣಕ್ಕೆ ಅಷ್ಟು ಸಾಕಲ್ವಾ? ಕುಮಟೆಯಲ್ಲಿ ಬಸ್ಸಿಳಿದ ಕೂಡಲೇ ಅಂಗಿ ಮೈಗೆ ಅಂಟುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ, ಬಾಯಾರಿಕೆ ತಾನಾಗೇ ನೆನಪಾಗುತ್ತದೆ. ಇಲ್ಲಿ ಎರಡು ಗಂಟೆ ಹತ್ತಿದರೂ ಅಂಗಿ ಒಣಗಿಯೇ ಇತ್ತು. ಬೆವರೇ ಬರುತ್ತಿಲ್ಲ, ಎಷ್ಟು ಹಾಯಾದ ಬೆಟ್ಟ ಅಂತ ಖುಷಿಪಟ್ಟೆ. ಬೆವರು ಬರುತ್ತಲೇ ಇತ್ತು, ಒಣಗಾಳಿ ಅದನ್ನು ಆಗಿಂದಾಗಲೇ ಕುಡಿಯುತ್ತಿತ್ತು, ನನಗೆ ಕಾಣಿಸಲಿಲ್ಲ ಅಷ್ಟೇ. ವೆಲ್‌ಮನ್ ಡಿವೈಡ್ ಅನ್ನುವ ತಿರುವು ಮುಟ್ಟುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಎತ್ತರದಿಂದ ಎಷ್ಟು, ನೀರಿಲ್ಲದೆ ಎಷ್ಟು ಅಂತ ಬೇರೆ ಮಾಡಿ ಹೇಳಲಾರೆ. ಮಗಳು ಮುಖ ನೋಡಿ, "ಅಪ್ಪಾ, ಸಾಕು, ವಾಪಸ್ ಹೋಪನ" ಅಂದಳು. ನಾನು ಇನ್ನೊಂದು ತಾಸು ಅಂತ ಹಟ ಮಾಡಿದೆ. ಅವಳು ಕೇಳಲಿಲ್ಲ, ಒಳ್ಳೇದೇ ಆಯಿತು.

ಎರಡನೇ ಸಲ ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಅಕ್ಟೋಬರಿನಲ್ಲಿ ಸಂಜೆ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಐದೂವರೆಗೆ ಟ್ರಾಮಿನ ಹತ್ತಿರ ಇರಬೇಕು. ದಾರಿ ಹೋಗಿಬರಲು ಸುಮಾರು 18 ಕಿಲೋಮೀಟರ್, ಇಳಿಯಲು ನನ್ನ ಮಂಡಿಗೆ ನಾಲ್ಕು ತಾಸು. ಹಾಗಾಗಿ ಒಂದೂವರೆಗೆ ಎಲ್ಲೇ ಇದ್ದರೂ ತಿರುಗಬೇಕು, ತುದಿ ಕಲ್ಲೆಸೆತದಷ್ಟು ಹತ್ತಿರ ಇದ್ದರೂ. ಮಗಳ ಎದುರು ಒಪ್ಪಿಕೊಂಡೆ. ಶನಿವಾರ ಎಂಟಕ್ಕೇ ಟ್ರಾಮ್ ಇತ್ತು, ಅದನ್ನೇ ಹಿಡಿದೆವು. ತಲೆಗೆ ಮೂರು ಲೀಟರ್ ನೀರು, ಒಂದು ಬಾಟಲಿಗೆ ಉಪ್ಪು, ಸಕ್ಕರೆ ಮತ್ತು ಊರಿಂದ ಒಯ್ದ ಒಣ ಮುರುಗಲು (ಕೋಕಂ) ಸಿಪ್ಪೆ. ಬಾಯಾರಲಿ ಬಿಡಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಊಟಕ್ಕೆ ಚಪಾತಿ, ಅಪ್ಪೆಮಿಡಿ. ಒಂದು ದಪ್ಪ ಸ್ವೆಟರ್ ಕೂಡ, ಏಕೆಂದರೆ ಕೆಳಗೆ ಬೆಂಕಿಯಂಥ ಬಿಸಿಲಿದ್ದರೂ ಮೇಲೆ 15-20 ಡಿಗ್ರಿ ಕಡಿಮೆ.

ಮೊದಲ ಗಂಟೆ ಬೇಕಂತಲೇ ಕಾಲೆಳೆದುಕೊಂಡು ನಡೆದೆವು. ಆಗಲೇ ಅಳಿಯ ಒಂದು ಜೆಫ್ರಿ ಪೈನ್ ಮರ ತೋರಿಸಿ, ತೊಗಟೆಯ ಬಿರುಕಿಗೆ ಮೂಗಿಟ್ಟು ನೋಡಿ ಮಾವ ಅಂದ. ವೆನಿಲ್ಲಾ ವಾಸನೆ! ನಮ್ಮ ಕಡೆ ವೆನಿಲ್ಲಾ ಹುಚ್ಚು ಹಿಡಿದ ಕಾಲದಲ್ಲಿ ನಾನೂ ಬಳ್ಳಿ ಹಬ್ಬಿಸಿ, ರೇಟು ಬಿದ್ದಾಗ ಕಿತ್ತು ಹಾಕಿದವನು. ಆ ವಾಸನೆ ಇಲ್ಲಿ ಬಂದು ಹಿಡಿಯಬೇಕೇ!

ವೆಲ್‌ಮನ್ ಡಿವೈಡ್ ದಾಟಿದ ಮೇಲೆ ಮರ ಕುಳ್ಳಾಗುತ್ತಾ ಹೋಗುತ್ತವೆ. ತುದಿಯ ಕೆಳಗೆ 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಗೂಡು ಇದೆ, ಬಿರುಗಾಳಿಗೆ ಸಿಕ್ಕಿದವರ ಆಸರೆಗೆ. ಅಲ್ಲಿಂದ ಮುಂದೆ ದಾರಿ ಇಲ್ಲ, ಬಂಡೆಯಿಂದ ಬಂಡೆಗೆ ಕೈಕಾಲೂರಿ ಹತ್ತಬೇಕು. ಒಂದಕ್ಕೆ ಹತ್ತು ನಿಮಿಷ ಇರುವಾಗ ತುದಿಯಲ್ಲಿದ್ದೆವು.

ಕೆಳಗೆ ಬೂದು ಬಣ್ಣದ ನೆಲ, ಅದರ ಮಧ್ಯೆ ಪಾಮ್ ಸ್ಪ್ರಿಂಗ್ಸ್ ಹಸಿರು ತೇಪೆ. ಕಣಿವೆಯ ಬಾಯಲ್ಲಿ ಸಾಲು ಸಾಲು ಗಾಳಿಯಂತ್ರ, ಗುಂಡುಸೂಜಿ ಚುಚ್ಚಿಟ್ಟ ಹಾಗೆ. ದೂರದಲ್ಲಿ ಸಾಲ್ಟನ್ ಸೀ ಎಂಬ ಉಪ್ಪುಕೆರೆ, ಸಮುದ್ರಮಟ್ಟಕ್ಕಿಂತ ಸುಮಾರು 70 ಮೀಟರ್ ಕೆಳಗಿದೆ. ಇದನ್ನು ಕಾರವಾರದ ಭಾವನಿಗೆ ಹೇಳಿದರೆ, ಸಮುದ್ರಕ್ಕಿಂತ ಕೆಳಗೆ ಇನ್ನೊಂದು ಸಮುದ್ರವೋ ಅಂತ ಇವತ್ತಿಗೂ ನಂಬುವುದಿಲ್ಲ.

ಅರ್ಧ ಗಂಟೆ ಕೂತು ಇಳಿದೆವು. ಕೊನೆಯಲ್ಲಿ ಒಂದು ಮೋಸ ಇದೆ, ಹೋಗುವವರು ಗೊತ್ತಿಟ್ಟುಕೊಳ್ಳಿ. ಬೆಳಗ್ಗೆ ಟ್ರಾಮ್ ಇಳಿದು ಸುಮ್ನೆ ಇಳಿಜಾರಲ್ಲಿ ಬಂದ ಸಿಮೆಂಟ್ ದಾರಿ ಇದೆಯಲ್ಲ, ಸಂಜೆ ಅದನ್ನೇ ಹತ್ತಬೇಕು. ಇಡೀ ಬೆಟ್ಟಕ್ಕಿಂತ ನನಗೆ ಅದೇ ಜಾಸ್ತಿ ಉದ್ದ ಕಂಡಿತು. ಅಲ್ಲಿಗೆ ಅಂತ ಅರ್ಧ ಬಾಟಲಿ ಮುರುಗಲು ನೀರು ಉಳಿಸಿಟ್ಟಿದ್ದೆ.