ಡೆನ್ವರ್ ಎತ್ತರಕ್ಕೂ ಜುಲೈ ಬಿಸಿಲಿಗೂ ತಡೆಯುವಂತೆ 13ಬಿ ಟರ್ಬೊ ಕಟ್ಟುವುದು

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಸಮುದ್ರಮಟ್ಟದಿಂದ 1609 ಮೀಟರ್ ಮೇಲಿದೆ. ಕರಾವಳಿಯಲ್ಲಿ 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರುವ ಗಾಳಿಯ ಒತ್ತಡ ಇಲ್ಲಿ ಸುಮಾರು 12.1. ಮಾಜ್ದಾ ಆರ್‌ಎಕ್ಸ್-7ರ ಎಫ್‌ಡಿ ಮಾದರಿಯಲ್ಲಿ ಬರುತ್ತಿದ್ದ 13ಬಿ-ಆರ್‌ಇಡಬ್ಲ್ಯು ರೋಟರಿ ಇಂಜಿನ್; ಅದರಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ಎರಡು ರೋಟರ್ ಸುತ್ತುತ್ತವೆ. ಅದಕ್ಕೆ ಕಾರ್ಖಾನೆಯ ಬೂಸ್ಟ್, ಅಂದರೆ ಹೊರಗಿನ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ, 10 ಪಿಎಸ್‌ಐ. ಕಡಲ ಮಟ್ಟದಲ್ಲಿ ಅದಕ್ಕೆ ಟರ್ಬೊ ಗಾಳಿಯನ್ನು 1.68 ಪಟ್ಟು ಒತ್ತಿದರೆ ಸಾಕು. ಇಲ್ಲಿ ಅಷ್ಟೇ ಗಾಳಿ ತುಂಬಬೇಕೆಂದು ಹೊರಟರೆ 2.04 ಪಟ್ಟು ಒತ್ತಬೇಕು. ಹೊರಗೆ 35 ಡಿಗ್ರಿ, ಟರ್ಬೊ ದಕ್ಷತೆ ಶೇ. 70 ಎಂದು ಹಿಡಿದರೆ, ಟರ್ಬೊದಿಂದ ಹೊರಟು ತಣಿಯಲು ಇಂಟರ್‌ಕೂಲರ್‌ಗೆ ಹೋಗುವ ಗಾಳಿ 105ರ ಬದಲು 133 ಡಿಗ್ರಿ ಕಾದಿರುತ್ತದೆ. ಆ ಇಂಟರ್‌ಕೂಲರನ್ನು ತಣಿಸಬೇಕಾದ ಗಾಳಿಯೂ ತೆಳು. ಬಿಸಿ ಗಾಳಿ ನಾಕ್ ತರುತ್ತದೆ, ಅಂದರೆ ಇಂಧನ ತಾನಾಗಿ ಸಿಡಿಯುತ್ತದೆ. ಇಲ್ಲಿ ರೋಟರ್ ಮೂಲೆಯ ಅಪೆಕ್ಸ್ ಸೀಲ್ ಮುರಿಯುವುದು ಎತ್ತರದಿಂದಲ್ಲ, ಎತ್ತರದಲ್ಲಿ ಹೋದ ಪವರನ್ನು ಬೂಸ್ಟ್ ಏರಿಸಿ ವಾಪಸ್ ತರಲು ಹೋಗುವುದರಿಂದ. ಹಾಗಾಗಿ ಬಿಚ್ಚುವ ಮೊದಲೇ ಮಾಲೀಕರ ಹತ್ತಿರ ಬೂಸ್ಟ್ ಎಷ್ಟು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳುತ್ತೇನೆ.

ಬಿಚ್ಚಿದ ಮೇಲೆ ಹೆಚ್ಚು ಹೊತ್ತು ಹೋಗುವುದು ಐರನ್‌ಗಳ ಮೇಲೆ, ಅಂದರೆ ರೋಟರ್ ಹೌಸಿಂಗ್‌ಗಳ (ರೋಟರ್ ಸುತ್ತುವ ಕವಚಗಳ) ಅಕ್ಕಪಕ್ಕದ ಎರಕದ ತಟ್ಟೆಗಳ ಮೇಲೆ. 1986ರ ನಂತರದ 13ಬಿಯಲ್ಲಿ ಇಂಜಿನ್ ತಣಿಸುವ ನೀರು ಸೋರದಂತೆ ತಡೆಯುವ ಕೂಲಂಟ್ ಸೀಲ್ ಕೂರುವ ಗ್ರೂವ್ ಇರುವುದು ಐರನ್‌ನಲ್ಲೇ. ಒಮ್ಮೆ ಕಾದ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವ ಬದಿಯ ಸೀಲ್ ಮೊದಲು ಸುಟ್ಟು ಗಟ್ಟಿಯಾಗಿರುತ್ತದೆ. ಮೊಂಡು ಕಡ್ಡಿಯಿಂದ ಹಳೆಯ ರಬ್ಬರ್ ಕೆರೆದು, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಗ್ರೂವ್‌ನ ತೆಳು ಗೋಡೆಯ ಮೇಲೆ ಉಗುರು ಆಡಿಸಿ ನೋಡಿ. ತುಕ್ಕು ತಿಂದು ಚೂರು ಎದ್ದಿದ್ದರೆ ಆ ಐರನ್ ಬದಿಗಿಡಿ. ಹೊಸ ಸೀಲ್ ಹಾಕಿದರೂ ಅದಕ್ಕೆ ಆನಿಕೆ ಇರುವುದಿಲ್ಲ. ನಾಲ್ಕಾರು ತಿಂಗಳಲ್ಲಿ ಬೆಳಗಿನ ಸ್ಟಾರ್ಟ್‌ಗೆ ಬಿಳಿ ಹೊಗೆ ಶುರುವಾಗುತ್ತದೆ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಸೊಟ್ಟ 0.04 ಮಿ.ಮೀ., ಸೀಲ್ ತಿಂದ ಮೆಟ್ಟಿಲು 0.10 ಮಿ.ಮೀ. ಮೀರಬಾರದು. ಮೀರಿದರೆ ಲ್ಯಾಪಿಂಗ್ (ಉಜ್ಜಿ ಸಮ ಮಾಡುವುದು) ಮಾಡಿಸಬಹುದು. ಆದರೆ ಮೇಲಿನ ಗಟ್ಟಿ ನೈಟ್ರೈಡ್ ಪದರ ಹೋಗುತ್ತದೆ, ಮತ್ತೆ ನೈಟ್ರೈಡಿಂಗ್ ಮಾಡಿಸದಿದ್ದರೆ ಬೇಗ ಸವೆಯುತ್ತದೆ.

ರೋಟರ್ ಹೌಸಿಂಗ್‌ನ ಅಗಲ 80 ಮಿ.ಮೀ. ನಾಲ್ಕು ಕಡೆ ಮೈಕ್ರೊಮೀಟರ್ ಹಿಡಿದಾಗ ವ್ಯತ್ಯಾಸ 0.06ರೊಳಗಿರಬೇಕು. ಅಂಚಿನಲ್ಲಿ ಕ್ರೋಮ್ ಎದ್ದಿದ್ದರೆ ಅದನ್ನು ನಾನು ಬಳಸುವುದಿಲ್ಲ.

ರೋಟರ್‌ಗಳ ಪಕ್ಕಗಳಲ್ಲಿ ಕೂರುವ ಸೈಡ್ ಸೀಲ್ ಒಟ್ಟು 12. ಒಂದೊಂದನ್ನೂ ಅದರದೇ ಗ್ರೂವ್‌ನಲ್ಲಿಟ್ಟು, ತುದಿಯನ್ನು ಸಾಣೆಕಲ್ಲಿಗೆ ತಾಗಿಸಿ ಉಜ್ಜಬೇಕು. ರೋಟರ್ ಮೂಲೆಯ ಕಾರ್ನರ್ ಸೀಲ್‌ಗೂ ಅದಕ್ಕೂ ನಡುವಿನ ಸಂದಿಗೆ ಕಂಪನಿಯ ಅಳತೆ 0.05ರಿಂದ 0.15 ಮಿ.ಮೀ. ಕಂಪ್ರೆಶನ್ ಆಸೆಗೆ ಬಹಳ ಮಂದಿ 0.05ಕ್ಕಿಂತ ಬಿಗಿ ಮಾಡುತ್ತಾರೆ. ಬಿಸಿಲಲ್ಲಿ ಘಾಟಿ ಹತ್ತುವಾಗ ಸೀಲ್ ಉದ್ದವಾಗಿ ಕಾರ್ನರ್ ಸೀಲನ್ನು ಅದುಮಿ ಹಿಡಿಯುತ್ತದೆ. ನಾನು 0.08ರ ಹತ್ತಿರ ಬಿಡುತ್ತೇನೆ. ಆಯಿಲ್ ರಿಂಗ್‌ನ ತುಟಿ 0.5 ಮಿ.ಮೀ.ಗಿಂತ ಅಗಲವಾಗಿ ಸವೆದಿದ್ದರೆ ಹೊಸದು. ಅಪೆಕ್ಸ್ ಸೀಲ್ ಮಟ್ಟಿಗೆ ಕಂಪನಿಯ 2 ಮಿ.ಮೀ. ಸೀಲೇ ನನ್ನ ಆಯ್ಕೆ. ಬೇರೆ ಕಂಪನಿಗಳ ಸ್ಟೀಲ್ ಸೀಲ್ ನಾಕ್ ಬಂದರೆ ಮುರಿಯದೆ ಬಾಗುತ್ತದೆ ನಿಜ, ಆದರೆ ಹೌಸಿಂಗನ್ನು ಹೆಚ್ಚು ತಿನ್ನುತ್ತದೆ. ನಾಕ್ ಬರದಂತೆ ನೋಡಿಕೊಳ್ಳುವುದೇ ಅಗ್ಗ.

ರೋಟರ್‌ಗಳು ತಿರುಗಿಸುವ ಎಕ್ಸೆಂಟ್ರಿಕ್ ಶಾಫ್ಟ್‌ನ ಮೂತಿಯಲ್ಲಿ, ಅಂದರೆ ಮುಂತುದಿಯಲ್ಲಿ, ಮೇಣದ ಥರ್ಮೋ ಪೆಲೆಟ್ ಒಂದಿದೆ. ಇಂಜಿನ್ ಕಾಯುವವರೆಗೆ ರೋಟರ್ ತಣಿಸುವ ಆಯಿಲ್ ಜೆಟ್‌ಗಳಿಗೆ ಒತ್ತಡ ಹೋಗದಂತೆ ನೋಡುವುದು ಅದರ ಕೆಲಸ. ಹಾಳಾದರೆ ಬಿಸಿ ಇಂಜಿನ್‌ನಲ್ಲೂ ಹಾಗೇ ಕೂರುತ್ತದೆ, ಗೇಜ್‌ನಲ್ಲಿ ಸುಳಿವೂ ಸಿಗುವುದಿಲ್ಲ. ಅದನ್ನು ತೆಗೆದು ಗಟ್ಟಿ ಲೋಹದ ತುಂಡು ಹಾಕಿ. ಆಯಿಲ್ ಕೂಲರ್ ಒಂದೇ ಇರುವ ಮಾದರಿಯಾದರೆ ಎರಡನೆಯದು ಕಡ್ಡಾಯ.

ಜೋಡಿಸುವಾಗ ಕೂಲಂಟ್ ಸೀಲ್‌ಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸಾಕು. ಐರನ್, ಹೌಸಿಂಗ್‌ಗಳನ್ನು ಒಟ್ಟಿಗೆ ಬಿಗಿದಿಡುವ ಟೆನ್ಶನ್ ಬೋಲ್ಟ್‌ಗಳನ್ನು ಕ್ರಮ ತಪ್ಪದೆ ಎರಡು ಮೂರು ಸುತ್ತಿನಲ್ಲಿ 32ರಿಂದ 39 ನ್ಯೂಟನ್ ಮೀಟರ್‌ಗೆ ತನ್ನಿ. ಶಾಫ್ಟ್‌ನ ಮುಂತುದಿಯ ಬೋಲ್ಟ್ ಬಿಗಿಯುವಾಗ ಇಂಜಿನ್‌ನ ಮೂತಿ ಮೇಲಕ್ಕಿರಲಿ. ಅಡ್ಡ ಮಲಗಿಸಿ ಬಿಗಿದರೆ ಥ್ರಸ್ಟ್ ನೀಡಲ್ ಬೇರಿಂಗ್ ಜಾರಿ ಸ್ಪೇಸರ್ ಅಡಿಗೆ ಸಿಕ್ಕಿ ನುಜ್ಜಾಗುತ್ತದೆ. ಬಳಿಕ ಡಯಲ್ ಗೇಜ್‌ನಲ್ಲಿ ಎಂಡ್ ಪ್ಲೇ (ಶಾಫ್ಟ್ ಹಿಂದೆ ಮುಂದೆ ಸರಿಯುವಷ್ಟು) ನೋಡಿ: 0.04ರಿಂದ 0.07 ಮಿ.ಮೀ. ಸೊನ್ನೆ ತೋರಿಸಿದರೆ ಬೇರಿಂಗ್ ಸಿಕ್ಕಿಕೊಂಡಿದೆ ಎಂದೇ ಅರ್ಥ, ಮತ್ತೆ ಬಿಚ್ಚಿ.

ಕೂಲಿಂಗ್‌ನಲ್ಲಿ ಮೊದಲು ಹೋಗಬೇಕಾದದ್ದು ಕೂಲಂಟ್‌ನಿಂದ ಗಾಳಿ ಬೇರ್ಪಡಿಸುವ ಪ್ಲಾಸ್ಟಿಕ್ ಏರ್ ಸೆಪರೇಟರ್ ಟ್ಯಾಂಕ್. ಹಳೆಯದಾದಂತೆ ಅದು ಸೀಳುತ್ತದೆ, ಒತ್ತಡ ಹೋಗುತ್ತದೆ. 0.9 ಬಾರ್ ಕ್ಯಾಪ್ ಹಿಡಿದಿರುವವರೆಗೆ ಇಲ್ಲಿ ನೀರು ಕುದಿಯುವುದು ಕರಾವಳಿಗಿಂತ 3 ಡಿಗ್ರಿ ಬೇಗ, ಅಷ್ಟೇ. ಒತ್ತಡ ಹೋದರೆ 95 ಡಿಗ್ರಿಗೇ ಕುದಿಯುತ್ತದೆ. ಕಾರ್ಖಾನೆಯ ಫ್ಯಾನ್ 105ಕ್ಕೆ ಏಳುತ್ತದೆ, ಅದು ತಡ. ನಾನು 90ಕ್ಕೆ ಇಡುತ್ತೇನೆ. ರೇಡಿಯೇಟರ್ ಸುತ್ತಲ ಸಂದುಗಳನ್ನು ಅಲ್ಯೂಮಿನಿಯಂ ತಗಡು, ಫೋಮ್ ಹಾಕಿ ಮುಚ್ಚಿ. ದೊಡ್ಡ ರೇಡಿಯೇಟರ್ ಕೊಳ್ಳುವುದಕ್ಕಿಂತ ಇದು ಮೊದಲಾಗಲಿ. ಬರೀ ನೀರು ಸುರಿಯುವ ಮರುಭೂಮಿಯವರ ಉಪಾಯ ಇಲ್ಲಿ ನಡೆಯದು; ಚಳಿಗಾಲಕ್ಕೆ ಅರ್ಧ ಕೂಲಂಟ್ ಬೇಕೇ ಬೇಕು.

ಟ್ಯೂನಿಂಗ್‌ನಲ್ಲಿ ಬೂಸ್ಟನ್ನು ಗೇಜ್ ಅಂಕಿಯಿಂದಲ್ಲ, ಟರ್ಬೊ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದರಿಂದ ಕಟ್ಟಿಹಾಕುತ್ತೇನೆ: 1.8 ಪಟ್ಟು ಮೀರಬಾರದು. ಅಂದರೆ ಡೆನ್ವರ್‌ನಲ್ಲಿ 9.5 ಪಿಎಸ್‌ಐ ಆಸುಪಾಸು. ಐ-70 ಹೆದ್ದಾರಿಯಲ್ಲಿ 3400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದ ಹತ್ತಿರ 7.5. ಎತ್ತರದಲ್ಲಿ ಕಡಿಮೆ ಆಕ್ಟೇನ್ (ಪೆಟ್ರೋಲ್ ನಾಕ್ ತಡೆಯುವ ಅಂಕಿ) ಸಾಕೆಂಬ ಮಾತು ಟರ್ಬೊ ಇಲ್ಲದ ಹಳೆಯ ಗಾಡಿಗೆ ಸರಿ. ಕೊಲೊರಾಡೊ ಬಂಕ್‌ಗಳ 85 ಈ ಇಂಜಿನ್‌ಗೆ ಮುಟ್ಟಿಸಲೂಬಾರದು, 91 ಹಾಕಿ. ಬೂಸ್ಟ್‌ನಲ್ಲಿ ಗಾಳಿ-ಇಂಧನ 11ರ ಹತ್ತಿರ, ನಾಲ್ಕೂ ಪ್ಲಗ್ 9ರ ಹೀಟ್ ರೇಂಜ್ (ಪ್ಲಗ್ ಶಾಖ ಬಿಟ್ಟುಕೊಡುವ ಮಟ್ಟ). ಒಳಗೆ ಹೋಗುವ ಗಾಳಿ 60 ಡಿಗ್ರಿ ದಾಟಿದರೆ ಬೂಸ್ಟ್ ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಬದಿಗೆ ಬಿಡುವ ಕವಾಟ) ಸ್ಪ್ರಿಂಗ್ ಮಟ್ಟಕ್ಕೆ ಇಳಿಯುವಂತೆ ಇಸಿಯುನಲ್ಲಿ, ಅಂದರೆ ಇಂಜಿನ್ ಕಂಪ್ಯೂಟರಿನಲ್ಲಿ, ಬರೆಯಿರಿ. ಸೀಲ್‌ಗಳಿಗೆ ಆಯಿಲ್ ಕೊಡುವ ಮೀಟರಿಂಗ್ ಪಂಪ್ ಇದ್ದರೂ 10 ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಿ, ಪಂಪ್ ತೆಗೆದಿದ್ದರೆ 80.

ಮೊದಲ 1500 ಕಿ.ಮೀ. ಬೂಸ್ಟ್ ಇಲ್ಲದೆ ಓಡಿಸಿ ಕಂಪ್ರೆಶನ್ ನೋಡುತ್ತೇನೆ. ಬಿಸಿ ಇಂಜಿನ್, ಥ್ರಾಟಲ್ ಪೂರ್ತಿ ತೆರೆದು, 250 ಆರ್‌ಪಿಎಂನಲ್ಲಿ. ಪುಸ್ತಕದ ಕನಿಷ್ಠ 6.0 ಕೆಜಿ/ಚ.ಸೆಂ.ಮೀ. ಎನ್ನುವುದು ಸಮುದ್ರಮಟ್ಟದ ಲೆಕ್ಕ. ಅಲ್ಲಿ 7.0 ತೋರಿಸುವ ಇಂಜಿನ್ ಇಲ್ಲಿ 5.8 ತೋರಿಸುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಇಂಜಿನ್ ಬಿಚ್ಚಿಸಿಕೊಂಡವರಿದ್ದಾರೆ. ಬಂದ ಅಂಕಿಯನ್ನು 0.83ರಿಂದ ಭಾಗಿಸಿ ನೋಡಿ. ಒಂದೇ ರೋಟರ್‌ನ ಮೂರು ಮುಖಗಳಲ್ಲಿ ಒಂದು ಮಾತ್ರ ಕೆಳಗಿದ್ದರೆ ತಪ್ಪು ಸೈಡ್ ಸೀಲ್‌ನದು, ಅಕ್ಕಪಕ್ಕದ ಎರಡು ಕೆಳಗಿದ್ದರೆ ಅವುಗಳ ನಡುವಿನ ಅಪೆಕ್ಸ್ ಸೀಲ್ ಅಥವಾ ಕಾರ್ನರ್ ಸೀಲ್‌ನದು.