ಹಳೆಯ ಸ್ಪ್ಯಾನರ್‌ಗಳನ್ನು ಗುರುತಿಸಲು ನಾನು ಕಲಿತ ಬಗೆ

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಹಳೆ ಸಾಮಾನಿನ ಸಂತೆಯಲ್ಲಿ, ಗೋಣಿತಾಟಿನ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಒಂದು ಡಬಲ್ ಎಂಡ್ ಸ್ಪ್ಯಾನರ್‌ನಿಂದ ನನ್ನ ಸಂಗ್ರಹ ಆರಂಭವಾಯಿತು. ಅದರ ಒಂದು ತುದಿಯಲ್ಲಿ 3/8 ಎಂಬ ಸಂಖ್ಯೆಯೂ ಅದರ ಪಕ್ಕದಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರವೂ ಉಬ್ಬಿ ನಿಂತಿದ್ದವು. ಐ.ಟಿ.ಐ.ಯಲ್ಲಿ ಫಿಟ್ಟರ್ ತರಬೇತಿ ಪಡೆದು ಕಾರ್ಖಾನೆಯಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ 3/8 ಇಂಚು ಎಂದರೆ ಒಂಬತ್ತೂವರೆ ಮಿಲಿಮೀಟರ್ ಎಂಬುದು ಬಾಯಿಪಾಠವಾಗಿತ್ತು. ಆದರೆ ಕೈಯಲ್ಲಿದ್ದ ಸ್ಪ್ಯಾನರಿನ ಬಾಯಿ ಅದರ ಸುಮಾರು ಎರಡರಷ್ಟು ಅಗಲವಾಗಿತ್ತು. ಮನೆಗೆ ತಂದು ವರ್ನಿಯರ್ ಇಟ್ಟು ನೋಡಿದಾಗ ಹದಿನೆಂಟು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು ಬಂತು. ಸಂಖ್ಯೆಗೂ ಅಳತೆಗೂ ಹೊಂದದ ಈ ಲೆಕ್ಕವನ್ನು ಬಿಡಿಸಲು ಹೊರಟವನು ಇಂದಿಗೆ ನಾನೂರಕ್ಕೂ ಹೆಚ್ಚು ಉಪಕರಣಗಳನ್ನು ಗುರುತಿಸಿ, ದಾಖಲಿಸಿ ಇಟ್ಟಿದ್ದೇನೆ.

ಉತ್ತರದ ಸುಳಿವು ನನಗೆ ಸಿಕ್ಕಿದ್ದು ನಮ್ಮ ಹಳೆಯ ಮೆಕ್ಯಾನಿಕ್‌ಗಳ ಮಾತಿನಲ್ಲಿಯೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಮೇಸ್ತ್ರಿಯೊಬ್ಬರು "ಮೂರು ಸೂತ್ ಪಾನಾ ಕೊಡು" ಎನ್ನುತ್ತಿದ್ದರು. ಪಾನಾ ಎಂದರೆ ಸ್ಪ್ಯಾನರ್, ಒಂದು ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಭಾಗ. ಮೂರು ಸೂತ್ ಎಂದರೆ 3/8 ಇಂಚು. ಅವರು ಹೇಳುತ್ತಿದ್ದುದು ಪಾನಾದ ಬಾಯಿಯ ಅಗಲವನ್ನಲ್ಲ, ಅದು ಹಿಡಿಯಬೇಕಾದ ಬೋಲ್ಟಿನ ದಪ್ಪವನ್ನು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ (ಬೋಲ್ಟಿನ ಸುರುಳಿ ಗೆರೆಗಳ) ಪದ್ಧತಿಯ ಸ್ಪ್ಯಾನರ್‌ಗಳಿಗೆ ಹೆಸರಿಟ್ಟ ಕ್ರಮವೂ ಇದೇ, ನನ್ನ ಸ್ಪ್ಯಾನರಿನ ಮೇಲಿದ್ದ ಡಬ್ಲ್ಯೂ ಅವರ ಹೆಸರಿನದು. ಸಂಖ್ಯೆ ಬೋಲ್ಟಿನದು, ಬಾಯಿಯ ಅಗಲ ಆ ಬೋಲ್ಟಿನ ಆರು ಮೂಲೆಯ ತಲೆಗೆ ತಕ್ಕಂತೆ ಬೇರೆಯೇ ಇರುತ್ತದೆ. 3/8 ವಿಟ್‌ವರ್ತ್ ತಲೆಯ ಅಗಲ 0.710 ಇಂಚು, ಅಂದರೆ 18.03 ಮಿಲಿಮೀಟರ್. ನಮ್ಮ ಮೇಸ್ತ್ರಿಗಳ ನಾಲಗೆಯ ಮೇಲೆ ಆ ಕ್ರಮ ಉಳಿದುಕೊಂಡಿತ್ತು ಎಂಬುದು ಅರ್ಥವಾದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಅಂದಿನಿಂದ ನಾನು ಒಂದು ನಿಯಮಕ್ಕೆ ಬದ್ಧನಾಗಿದ್ದೇನೆ: ಹೆಸರನ್ನು ಓದುವ ಮೊದಲು ಬಾಯಿಯನ್ನು ಅಳೆಯಬೇಕು. ತಯಾರಕರ ಹೆಸರು ಸವೆದು ಹೋಗಿರಬಹುದು, ಮಾರುವವರು ಹೇಳುವ ಕಥೆ ಅವರು ಯಾರಿಂದಲೋ ಕೇಳಿದ್ದಿರಬಹುದು, ಆದರೆ ಬಾಯಿಯ ಅಳತೆ ಆ ಉಪಕರಣ ಯಾವ ಬಗೆಯ ಯಂತ್ರಕ್ಕಾಗಿ ಹುಟ್ಟಿತು ಎಂಬುದನ್ನು ನೇರವಾಗಿ ತಿಳಿಸುತ್ತದೆ. ಅಳೆಯುವಾಗ ಬಾಯಿಯ ತುದಿಯಲ್ಲಿ ಅಳೆಯದೆ ಒಳಗೆ, ಬುಡದ ಹತ್ತಿರ ಅಳೆಯುತ್ತೇನೆ. ಏಕೆಂದರೆ ಹೆಚ್ಚು ದುಡಿದ ಸ್ಪ್ಯಾನರಿನ ತುದಿಗಳು ಅಗಲವಾಗಿರುತ್ತವೆ. ಬುಡಕ್ಕೂ ತುದಿಗೂ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸವಿದ್ದರೆ ಬಾಯಿ ಬಿರಿದಿದೆ ಎಂದೂ, ಒಳಮುಖದಲ್ಲಿ ಅರದ ಗೀರುಗಳಿದ್ದರೆ ಯಾರೋ ಬೇರೆ ಅಳತೆಯ ನಟ್ಟಿಗೆ ಹೊಂದಿಸಲು ರಾವಿದ್ದಾರೆ ಎಂದೂ ತಿಳಿಯುತ್ತದೆ. ಅಂಥ ಅಳತೆಯನ್ನು ನಂಬಿ ನಾನು ಒಮ್ಮೆ ತಪ್ಪು ಹೆಸರು ಬರೆದು, ವರ್ಷದ ನಂತರ ತಿದ್ದಿದ್ದೇನೆ.

ವಿಟ್‌ವರ್ತ್ ಅಳತೆಗಳಲ್ಲಿ ಕೆಲವನ್ನಾದರೂ ನೆನಪಿನಲ್ಲಿಟ್ಟುಕೊಂಡರೆ ಸಂತೆಯಲ್ಲಿ ಕೆಲಸ ಹಗುರವಾಗುತ್ತದೆ. 1/4ಕ್ಕೆ 13.3, 5/16ಕ್ಕೆ 15.2, 3/8ಕ್ಕೆ 18, 7/16ಕ್ಕೆ 20.8, 1/2ಕ್ಕೆ 23.4 ಮಿಲಿಮೀಟರ್. 1908ರಲ್ಲಿ ಬಂದ ಬಿ.ಎಸ್.ಎಫ್. (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಎಂಬ ಒತ್ತಾದ ಥ್ರೆಡ್ಡಿನ ಬೋಲ್ಟ್‌ಗಳಿಗೆ ತಲೆ ಒಂದು ಅಳತೆ ಚಿಕ್ಕದು. ಹಾಗಾಗಿ 3/8 ವಿಟ್‌ವರ್ತ್ ಸ್ಪ್ಯಾನರ್ 7/16 ಬಿ.ಎಸ್.ಎಫ್. ಬೋಲ್ಟಿಗೂ ಸರಿಹೊಂದುತ್ತದೆ, ಎಷ್ಟೋ ಸ್ಪ್ಯಾನರ್‌ಗಳ ಮೇಲೆ ಎರಡೂ ಸಂಖ್ಯೆಗಳಿರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕನ್ನು ಉಳಿಸಲು ಬ್ರಿಟನ್ನಿನಲ್ಲಿ ವಿಟ್‌ವರ್ತ್ ಬೋಲ್ಟಿನ ತಲೆಯನ್ನೂ ಬಿ.ಎಸ್.ಎಫ್. ಅಳತೆಗೆ ಇಳಿಸಿದರು. ಆದ್ದರಿಂದ ಒಂದೇ ದಪ್ಪದ ಎರಡು ವಿಟ್‌ವರ್ತ್ ಬೋಲ್ಟ್‌ಗಳಿಗೆ, ಒಂದು ಯುದ್ಧಕ್ಕೆ ಮೊದಲಿನದು ಇನ್ನೊಂದು ನಂತರದ್ದು ಎಂಬ ಕಾರಣಕ್ಕೆ, ಬೇರೆ ಬೇರೆ ಸ್ಪ್ಯಾನರ್ ಬೇಕಾಗುವುದುಂಟು. ಹಳೆಯ ಯಂತ್ರಗಳ ಕೆಲಸಕ್ಕೆ ಹೊಸದಾಗಿ ಬಂದವರು ದಿಕ್ಕು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಇದು ಕೇವಲ ಸಂಗ್ರಾಹಕನ ಕುತೂಹಲವಲ್ಲ. ಸಕಲೇಶಪುರದ ಬಳಿ ನಮ್ಮ ಸೋದರಮಾವನವರ ಕಾಫಿ ತೋಟದಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಡರ್ಸ್ಲಿಯಲ್ಲಿ ತಯಾರಾದ ಒಂದು ಲಿಸ್ಟರ್ ಡೀಸೆಲ್ ಎಂಜಿನ್ ಇತ್ತು. ಅದರ ನಟ್‌ಗಳಿಗೆ 18ರ ಸ್ಪ್ಯಾನರ್ ಬಣ್ಣ ಮತ್ತು ತುಕ್ಕಿನಿಂದಾಗಿ ಒಳಹೋಗುತ್ತಿರಲಿಲ್ಲ, 19ರದು ಸಡಿಲವಾಗಿ ಜಾರುತ್ತಿತ್ತು. ದುರಸ್ತಿಗೆ ಬಂದವರೆಲ್ಲ 19ನ್ನೇ ಬಳಸಿ, ಜಾರಿದಾಗ ಸುತ್ತಿಗೆಯಿಂದ ಬಡಿದು, ನಟ್‌ಗಳ ಮೂಲೆಗಳನ್ನು ಗುಂಡಗೆ ಮಾಡಿಟ್ಟಿದ್ದರು. ಸಂತೆಯಿಂದ ತಂದ ಆ ಮೊದಲ ಸ್ಪ್ಯಾನರನ್ನು ಹಾಕಿದಾಗ ಅದು ಸವೆಯದೆ ಉಳಿದಿದ್ದ ನಟ್ಟುಗಳ ಮೇಲೆ ಅಲುಗಾಡದಂತೆ ಕುಳಿತುಕೊಂಡಿತು. "ಇದನ್ನು ಇಪ್ಪತ್ತು ವರ್ಷ ಮೊದಲೇ ತರಬಾರದಿತ್ತೇನಪ್ಪ" ಎಂದು ಮಾವ ಹೇಳಿದರು.

ಬಾಯಿಯಿಂದ ಯಂತ್ರವನ್ನು ಊಹಿಸುವ ಕ್ರಮವನ್ನು ಮುಂದೆ ಬೇರೆ ಪದ್ಧತಿಗಳಿಗೂ ವಿಸ್ತರಿಸಿಕೊಂಡೆ. ಬೆರಳುದ್ದದ ತೆಳುವಾದ ಸ್ಪ್ಯಾನರ್ ಮೇಲೆ 2 ಬಿ.ಎ., 4 ಬಿ.ಎ. ಎಂದಿದ್ದರೆ ಅದು ಮ್ಯಾಗ್ನೆಟೊ, ಡೈನಮೊ, ವಿದ್ಯುತ್ ಸಲಕರಣೆಗಳ ಸಣ್ಣ ಸ್ಕ್ರೂಗಳಿಗೆ ಸೇರಿದ್ದು. ಬ್ರಿಟಿಷ್ ಅಸೋಸಿಯೇಷನ್ ಎಂಬ ಈ ಪದ್ಧತಿಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಸ್ಕ್ರೂ ಚಿಕ್ಕದು, ಸೊನ್ನೆ ಬಿ.ಎ. ಎಂದರೆ ಸರಿಯಾಗಿ ಆರು ಮಿಲಿಮೀಟರ್ ದಪ್ಪ. 1948ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಏಕೀಕೃತ ಥ್ರೆಡ್ ಪದ್ಧತಿಯನ್ನು ಒಪ್ಪಿಕೊಂಡ ಮೇಲೆ ಬ್ರಿಟಿಷ್ ವಾಹನಗಳೂ ಕ್ರಮೇಣ ಎ.ಎಫ್. ಅಳತೆಗೆ ಬಂದವು. ಎ.ಎಫ್. ಎಂದರೆ ಅಕ್ರಾಸ್ ಫ್ಲಾಟ್ಸ್, ಅಂದರೆ ನಟ್ಟಿನ ಎದುರುಬದುರು ಮಟ್ಟಸ ಬದಿಗಳ ನಡುವಿನ ಅಗಲ. ಅಲ್ಲಿ ಸಂಖ್ಯೆ ನಿಜವಾಗಿಯೂ ಬಾಯಿಯ ಅಗಲವೇ. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡ ಅಂಬಾಸಿಡರ್ ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ್ದರಿಂದ 7/16, 1/2, 9/16 ಎ.ಎಫ್. ಸ್ಪ್ಯಾನರ್‌ಗಳು ಇಂದಿಗೂ ಗುಜರಿ ಅಂಗಡಿಗಳಲ್ಲಿ ಹೇರಳವಾಗಿವೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳ ಮೂಲ ಚೆಕೊಸ್ಲೊವಾಕಿಯಾದ್ದು. ಅವುಗಳ ಟೂಲ್ ಕಿಟ್‌ನಲ್ಲಿ ಇರುವುದೆಲ್ಲ ಮಿಲಿಮೀಟರ್. ಹೀಗೆ ಒಂದೇ ಊರಿನ ಒಂದೇ ಗ್ಯಾರೇಜಿನ ಗೋಡೆಯ ಮೇಲೆ ನಾಲ್ಕು ಪದ್ಧತಿಗಳು ಅಕ್ಕಪಕ್ಕ ನೇತಾಡುತ್ತಿದ್ದವು.

ಅಳತೆಯ ನಂತರವೇ ಅಕ್ಷರಗಳ ಸರದಿ. ಮಾಸಿದ ಅಕ್ಷರಗಳನ್ನು ಓದಲು ನಾನು ಟಾರ್ಚನ್ನು ಓರೆಯಾಗಿ ಹಿಡಿದು, ಸೀಮೆಸುಣ್ಣ ತಿಕ್ಕಿ ಒರೆಸುತ್ತೇನೆ. ಹಳ್ಳಗಳಲ್ಲಿ ಉಳಿದ ಬಿಳಿ ಪುಡಿ ಅಕ್ಷರವನ್ನು ತೋರಿಸುತ್ತದೆ. ಅಕ್ಷರಗಳು ಉಬ್ಬಿದ್ದರೆ ಅವು ಕಾದ ಉಕ್ಕನ್ನು ಅಚ್ಚಿನಲ್ಲಿ ಬಡಿದಾಗಲೇ ಮೂಡಿದವು, ಅಂದರೆ ತಯಾರಕರದೇ. ಒಳಗೆ ಕೊರೆದಂತಿದ್ದು ಸಾಲು ನೆಟ್ಟಗಿದ್ದರೆ ಅದೂ ಸಾಮಾನ್ಯವಾಗಿ ಕಾರ್ಖಾನೆಯ ಮುದ್ರೆಯೇ. ಆದರೆ ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿದ್ದರೆ ಅದು ಮಾಲೀಕರೋ ಕಾರ್ಯಾಗಾರದವರೋ ಕೈಯಿಂದ ಪಂಚ್ ಮಾಡಿದ್ದು. ಮೊದಲು ಇಂಥ ಕೈಗುರುತುಗಳನ್ನು ನಾನು ಹಾನಿ ಎಂದು ಎಣಿಸುತ್ತಿದ್ದೆ. ಈಗ ಅವನ್ನೇ ಮೊದಲು ಹುಡುಕುತ್ತೇನೆ. ಹುಬ್ಬಳ್ಳಿಯಿಂದ ಬಂದ ಒಂದು ದಪ್ಪ ಸ್ಪ್ಯಾನರ್ ಮೇಲೆ ತಯಾರಕರ ಹೆಸರೇ ಇಲ್ಲ, ಆದರೆ ಎಂ. ಆ್ಯಂಡ್ ಎಸ್.ಎಂ. ಎಂಬ ಪಂಚ್ ಇದೆ. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆ ಹೆಸರಿನಲ್ಲಿ ರೂಪುಗೊಂಡದ್ದು 1908ರಲ್ಲಿ, ದಕ್ಷಿಣ ರೈಲ್ವೆಯಲ್ಲಿ ಸೇರಿಹೋದದ್ದು 1951ರಲ್ಲಿ. ಆ ಮೂರಕ್ಷರದ ಪಂಚ್ ಬಿದ್ದ ಕಾಲ ಈ ಎರಡು ವರ್ಷಗಳ ನಡುವೆ ಎಂದು ಹಾಗೆಯೇ ಗೊತ್ತಾಯಿತು. ಈಗಿರುವ ರೈಲ್ವೆಯ ಅಥವಾ ಸರ್ಕಾರಿ ಕಾರ್ಯಾಗಾರಗಳ ಹೊಸ ಮುದ್ರೆಯಿದ್ದು, ಹರಾಜಿನಲ್ಲಿ ಕೊಂಡದ್ದಕ್ಕೆ ಕಾಗದವಿಲ್ಲದ ಸಾಮಾನನ್ನು ನಾನು ಮುಟ್ಟುವುದಿಲ್ಲ.

ತಯಾರಕರ ಹೆಸರುಗಳಲ್ಲಿ ಬರ್ಮಿಂಗ್‌ಹ್ಯಾಮಿನ ಅಬಿಂಗ್ಡನ್ ಕಿಂಗ್ ಡಿಕ್ ನಮ್ಮಲ್ಲಿ ಸಾಕಷ್ಟು ಸಿಗುತ್ತದೆ. ಹೆಬ್ಬೆರಳಿನಿಂದ ತಿರುಗಿಸುವ ಅದರ ಪುಟ್ಟ ಸ್ಕ್ರೂ ಸ್ಪ್ಯಾನರ್ ನನಗೆ ಅತ್ಯಂತ ಪ್ರಿಯವಾದದ್ದು. ಸ್ವೀಡನ್ನಿನ ಎನ್‌ಶೋಪಿಂಗ್ ಪಟ್ಟಣದ ಯೊಹಾನ್ ಪೆಟ್ಟರ್ ಯೊಹಾನ್ಸನ್ 1892ರಲ್ಲಿ ಪೇಟೆಂಟ್ ಪಡೆದ ಅಡ್ಜಸ್ಟೆಬಲ್ ಸ್ಪ್ಯಾನರ್, ಮಾರಾಟ ಮಾಡಿದ ಬಿ.ಎ. ಯೋರ್ಥ್ ಕಂಪನಿಯ ಮೊದಲಕ್ಷರಗಳಿಂದ ಬಾಕೊ ಎಂಬ ಹೆಸರು ಪಡೆಯಿತು. ಜರ್ಮನಿಯ ಗೆಡೋರ್ ಕೂಡ ಹೀಗೆ ಕೂಡಿಸಿದ ಹೆಸರೇ: ರೆಮ್‌ಶೈಡ್ ಪಟ್ಟಣದ ಡೋವಿಡಾಟ್ ಸಹೋದರರು ಎಂಬುದರ ಜರ್ಮನ್ ರೂಪದ ಮೊದಲಕ್ಷರಗಳು ಅಲ್ಲಿವೆ. ಜರ್ಮನ್ ಉಪಕರಣದ ಮೇಲೆ ಪಶ್ಚಿಮ ಜರ್ಮನಿ ಎಂದಿದ್ದರೆ ಅದು 1949ರಿಂದ 1990ರ ನಡುವಿನದೆಂದು ತಿಳಿಯಬಹುದು.

ಪೇಟೆಂಟ್ ಸಂಖ್ಯೆ ಇದ್ದರೆ ಅದು ದೊಡ್ಡ ಭಾಗ್ಯ. ಅಮೆರಿಕದ ಪೇಟೆಂಟ್ ಸಂಖ್ಯೆ ಹತ್ತು ಲಕ್ಷ ಮುಟ್ಟಿದ್ದು 1911ರಲ್ಲಿ, ಇಪ್ಪತ್ತು ಲಕ್ಷ ಮುಟ್ಟಿದ್ದು 1935ರಲ್ಲಿ. ಬ್ರಿಟನ್ನಿನಲ್ಲಿ 1915ರವರೆಗೆ ಪ್ರತಿ ವರ್ಷವೂ ಸಂಖ್ಯೆ ಒಂದರಿಂದ ಆರಂಭವಾಗುತ್ತಿದ್ದು, 1916ರಿಂದ 1,00,001ರಿಂದ ಮುಂದಕ್ಕೆ ಸಾಲಾಗಿ ಸಾಗಿತು. ಆದರೆ ಪೇಟೆಂಟ್ ಸಂಖ್ಯೆ ಹೇಳುವುದು ಆ ಉಪಕರಣ ಅದಕ್ಕಿಂತ ಮೊದಲಿನದಲ್ಲ ಎಂಬುದನ್ನು ಮಾತ್ರ. ಎಷ್ಟು ನಂತರದ್ದು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಒಬ್ಬ ವ್ಯಾಪಾರಿ ಮೊದಲ ಮಹಾಯುದ್ಧದ ಕಾಲದ್ದೆಂದು ಹೆಚ್ಚಿನ ಬೆಲೆ ಹೇಳಿದ ಒಂದು ಅಮೆರಿಕನ್ ರೆಂಚ್ ಮೇಲೆ ಇಪ್ಪತ್ತು ಲಕ್ಷಕ್ಕೂ ಮೀರಿದ ಸಂಖ್ಯೆಯಿತ್ತು. ಅದನ್ನು ತೋರಿಸಿ ಲೆಕ್ಕ ವಿವರಿಸಿದಾಗ ಅವರು ಆಸಕ್ತಿಯಿಂದ ಕೇಳಿ, ಅಂಗಡಿಯಲ್ಲಿದ್ದ ಉಳಿದ ಅಮೆರಿಕನ್ ಸಾಮಾನುಗಳನ್ನೂ ನನ್ನ ಮುಂದೆ ಸುರಿದರು. ಬೆಂಗಳೂರಿನಲ್ಲಿ ಅಂಥವು ಸಿಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: 1940ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆ ನಿರ್ವಹಣೆಗೆ ತೆಗೆದುಕೊಂಡಿತು, ಅದು 84ನೇ ಏರ್ ಡಿಪೋ ಎನಿಸಿ ಯುದ್ಧವಿಮಾನಗಳನ್ನು ದುರಸ್ತಿ ಮಾಡಿತು. ಆದರೂ ವಜ್ರಾಕೃತಿಯೊಳಗೆ ಡಬ್ಲ್ಯೂ ಮುದ್ರೆಯಿರುವ, ಅಮೆರಿಕದ ವಿಲಿಯಮ್ಸ್ ಕಂಪನಿಯ ನನ್ನ ಸ್ಪ್ಯಾನರ್ ಆ ಡಿಪೋದ್ದೆಂದು ನಾನು ಪುಸ್ತಕದಲ್ಲಿ ಬರೆದಿಲ್ಲ. ಅದರ ಮೈಮೇಲೆ ಹಾಗೆ ಹೇಳುವ ಗುರುತಿಲ್ಲ.

ಶುಚಿಗೊಳಿಸುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದೆಂಬ ಆಸೆಯಿಂದ ಹೇಳುತ್ತೇನೆ. ಆರಂಭದ ವರ್ಷದಲ್ಲಿ ಒಂದು ಸ್ಪ್ಯಾನರನ್ನು ಬಚ್ಚಲು ತೊಳೆಯುವ ಆ್ಯಸಿಡ್‌ನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ಗ್ರೈಂಡರಿನ ವೈರ್ ಬ್ರಷ್‌ಗೆ ಹಿಡಿದೆ. ತುಕ್ಕು ಹೋಯಿತು, ಜೊತೆಗೆ ಬ್ರಿಟಿಷ್ ಸರ್ಕಾರದ ಸ್ವತ್ತೆಂದು ಸೂಚಿಸುವ ಅಗಲ ಬಾಣದ ಗುರುತು ಅರ್ಧ ಅಳಿಸಿತು, ಅದರ ಕೆಳಗಿದ್ದ ವರ್ಷದ ಕೊನೆಯ ಎರಡು ಅಂಕಿಗಳು ಪೂರ್ತಿ ಹೋದವು. 19 ಎಂಬಷ್ಟೇ ಉಳಿದ ಆ ಸ್ಪ್ಯಾನರನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆಯೇ ಇಟ್ಟುಕೊಂಡಿದ್ದೇನೆ. ಈಗ ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಜಿಡ್ಡು ತೆಗೆಯುತ್ತೇನೆ. ತುಕ್ಕು ಹಗುರವಾಗಿದ್ದರೆ ಹಿತ್ತಾಳೆಯ ಬ್ರಷ್ ಸಾಕು. ಗಟ್ಟಿ ತುಕ್ಕಿಗೆ ಕಾಕಂಬಿಯ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ವಾರದಿಂದ ಎರಡು ವಾರ ಮುಳುಗಿಸಿಡುತ್ತೇನೆ. ಅದು ವಾಸನೆ ಬರುತ್ತದೆ, ನಿಧಾನ ಕೂಡ, ಆದರೆ ತುಕ್ಕನ್ನು ಬಿಡಿಸಿ ಒಳ್ಳೆಯ ಉಕ್ಕಿಗೆ ಹೆಚ್ಚು ಪೆಟ್ಟು ಮಾಡದೆ ಬಿಡುತ್ತದೆ. ಕೆಲವರು ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಉಪಕರಣಕ್ಕೂ ಧನ ತುದಿಯನ್ನು ಬೇಡದ ಕಬ್ಬಿಣದ ತುಂಡಿಗೂ ಕಟ್ಟಿ ತುಕ್ಕು ಬಿಡಿಸುತ್ತಾರೆ. ಆ ಕ್ರಮ ಒಳ್ಳೆಯದೇ, ಆದರೆ ಬಯಲಿನಲ್ಲಿ ಮಾಡಬೇಕು, ಏಕೆಂದರೆ ಹೊಮ್ಮುವ ಗುಳ್ಳೆಗಳು ಹೈಡ್ರೋಜನ್. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಮಂದವಾದ ಬೂದು ಅಥವಾ ತಿಳಿಹಳದಿ ಹೊಳಪಿನ ಕ್ಯಾಡ್ಮಿಯಂ ಲೇಪವಿರುವ ಉಪಕರಣವನ್ನು ಎಂದಿಗೂ ಉಜ್ಜಿ ಪುಡಿ ಮಾಡಬಾರದು. ಆ ಪುಡಿ ಉಸಿರಿಗೆ ಹೋದರೆ ಅಪಾಯ.

ಶುಚಿಯಾದ ಪ್ರತಿಯೊಂದಕ್ಕೂ ನನ್ನ ಪುಸ್ತಕದಲ್ಲಿ ಒಂದು ಪುಟ. ಎರಡೂ ಬಾಯಿಗಳ ಅಳತೆ, ಒಟ್ಟು ಉದ್ದ, ತೂಕ, ತಲೆ ಎಷ್ಟು ಓರೆಯಾಗಿದೆ ಎಂಬುದು, ಎಲ್ಲಿ ಎಷ್ಟಕ್ಕೆ ಕೊಂಡೆ ಎಂಬುದು, ಮತ್ತು ಮುದ್ರೆಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ತೆಗೆದ ಪಡಿಯಚ್ಚು. ಸಾಮಾನ್ಯವಾಗಿ ತಲೆ ಹಿಡಿಕೆಗೆ ಹದಿನೈದು ಡಿಗ್ರಿ ಓರೆಯಿರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಸ್ಪ್ಯಾನರನ್ನು ಮಗುಚಿ ಹಾಕುತ್ತ ಹೋದರೆ ಮೂವತ್ತು ಡಿಗ್ರಿಯ ಆಟದಲ್ಲಿಯೇ ನಟ್ಟನ್ನು ಬಿಚ್ಚಬಹುದು ಎಂಬುದು ಅದರ ಉದ್ದೇಶ. ಓರೆಯಿಲ್ಲದ ನೇರ ತಲೆ ಕಂಡರೆ ಯಾವುದೋ ಒಂದೇ ಕೆಲಸಕ್ಕೆಂದು ಮಾಡಿದ್ದೇ ಎಂದು ಎರಡನೆಯ ಬಾರಿ ನೋಡುತ್ತೇನೆ. ಮಳೆಗಾಲ ಹಿಡಿಯುವ ಮೊದಲು ಎಲ್ಲವನ್ನೂ ಹೊರತೆಗೆದು, ಮೆಷಿನ್ ಆಯಿಲ್ ಸವರಿದ ಬಟ್ಟೆಯಿಂದ ಒರೆಸಿ, ಮರದ ಹಲಗೆಗಳ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸುವುದು ಮೇ ತಿಂಗಳಿನ ಕೊನೆಯ ವಾರದ ಕೆಲಸ. ಈ ಸಲ ಆ ಕೆಲಸ ಮಾಡುವಾಗ 3/8 ವಿಟ್‌ವರ್ತ್‌ನ ಹಲಗೆಯಲ್ಲಿ ಒಂದು ಜಾಗ ಖಾಲಿ ಇತ್ತು. ಆ ಸ್ಪ್ಯಾನರ್ ಸಕಲೇಶಪುರದ ತೋಟದಲ್ಲಿ, ಎಂಜಿನ್ನಿನ ಪಕ್ಕದ ಮೊಳೆಗೆ ನೇತುಹಾಕಿದ್ದು ಅಲ್ಲಿಯೇ ಇದೆ.