ರ‍್ಯಾಂಚ್ ರೋಡಿಯೋದಲ್ಲಿ ಬ್ರಾಂಕ್ ಸವಾರಿ: ನೋಡುವುದು ಹೇಗೆ?

ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮವರು ಊರಿಂದ ಬಂದ ನೆಂಟರನ್ನು ಒಮ್ಮೆಯಾದರೂ ರೋಡಿಯೋಗೆ, ಅಂದರೆ ಕುದುರೆ, ದನಗಳ ಜೊತೆ ಕೌಬಾಯ್‌ಗಳು ಸ್ಪರ್ಧಿಸುವ ಆಟಕ್ಕೆ, ಕರೆದುಕೊಂಡು ಹೋಗುತ್ತಾರೆ. ಬ್ರಾಂಕ್ ಅಂದರೆ ಸವಾರನನ್ನು ಬೀಳಿಸಲು ಎಗರುವ ಕುದುರೆ; ಅದರ ಮೇಲೆ 8 ಸೆಕೆಂಡು ಕೂರುವ ಬ್ರಾಂಕ್ ಸವಾರಿ ಎಲ್ಲರಿಗೂ ಇಷ್ಟ. ಆದರೆ ಹೆಚ್ಚಿನವರು ಗಡಿಯಾರ ನೋಡುತ್ತಾರೆ, ಇಲ್ಲವೇ ವಿಡಿಯೊ ತೆಗೆಯುತ್ತಾರೆ. ಸವಾರ ಬಿದ್ದ ಅನ್ನುವುದು ಗೊತ್ತಾಗುತ್ತದೆ, ಯಾಕೆ ಬಿದ್ದ ಅನ್ನುವುದು ಗೊತ್ತಾಗುವುದಿಲ್ಲ. ಅಷ್ಟು ದೂರ ಹೋಗಿ ಅರ್ಧ ಆಟ ನೋಡಿ ಬರುವುದು ಬೇಡ.

1. ಯಾವ ರೋಡಿಯೋ ಅಂತ ಮೊದಲು ತಿಳಿದುಕೊಳ್ಳಿ

ಹ್ಯೂಸ್ಟನ್, ಫೋರ್ಟ್ ವರ್ತ್‌ನಂಥ ಕಡೆ ನಡೆಯುವ ದೊಡ್ಡ ರೋಡಿಯೋಗಳಲ್ಲಿ ಸವಾರಿಯನ್ನೇ ವೃತ್ತಿ ಮಾಡಿಕೊಂಡವರು ಸ್ಪರ್ಧಿಸುತ್ತಾರೆ. ಅಲ್ಲಿನ ಜೀನಿಗೆ ಮುಂದೆ ಕೊಂಬು ಇರುವುದಿಲ್ಲ. ಲಗಾಮು ಒಂದೇ ಕೈಯಲ್ಲಿ. ಇನ್ನೊಂದು ಕೈ ಕುದುರೆಗೋ ಜೀನಿಗೋ ತಾಗಿದರೆ ಅಂಕವೇ ಇಲ್ಲ.

ರ‍್ಯಾಂಚ್ ರೋಡಿಯೋ ಬೇರೆ. ರ‍್ಯಾಂಚ್ ಅಂದರೆ ದನ ಸಾಕುವ ದೊಡ್ಡ ಜಮೀನು. ಇಲ್ಲಿ ಇಳಿಯುವವರು ದನ ಕಾಯುವ, ಬೇಲಿ ಸರಿಮಾಡುವ, ಕರುಗಳಿಗೆ ಮುದ್ರೆ ಹಾಕುವ ಕೆಲಸಗಾರರು. ರ‍್ಯಾಂಚಿನ ಹೆಸರಲ್ಲಿ ತಂಡ ಕಟ್ಟಿಕೊಂಡು ಬರುತ್ತಾರೆ. ದಿನಾ ಕೆಲಸಕ್ಕೆ ಬಳಸುವಂಥ ಜೀನನ್ನೇ ಬ್ರಾಂಕ್ ಮೇಲೂ ಬಿಗಿಯುತ್ತಾರೆ. ಹಗ್ಗ ಸುತ್ತುವ ಕೊಂಬು ಅದರಲ್ಲಿ ಇರುತ್ತದೆ. ಬಹಳ ಕಡೆ ಅದನ್ನು, ಇಲ್ಲವೇ ಅದರ ಬುಡಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದುಕೊಳ್ಳಲು ಅವಕಾಶ ಇದೆ. ಇದನ್ನು ನೋಡಿ 'ಎರಡು ಕೈಲಿ ಹಿಡಿದರೆ ಏನು ಮಹಾ' ಅನ್ನುವವರು ಇದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಬಯಲಲ್ಲಿ ಒಬ್ಬನೇ ಇದ್ದಾಗ ಹೊಸ ಕುದುರೆ ಎಗರಿದರೆ ಕೆಲಸಗಾರ ಮಾಡುವುದೂ ಅದನ್ನೇ. ಬಿದ್ದರೆ ನಡೆದು ಮನೆ ಸೇರಬೇಕು. ಈ ಸ್ಪರ್ಧೆ ಹುಟ್ಟಿದ್ದೇ ಆ ಕೆಲಸದಿಂದ.

ಒಂದೇ ಒಂದು ನೋಡುವುದಾದರೆ ನನ್ನ ಸಲಹೆ ಟೆಕ್ಸಸ್‌ನ ಅಮರಿಲ್ಲೋ ಊರು. ವರ್ಕಿಂಗ್ ರ‍್ಯಾಂಚ್ ಕೌಬಾಯ್ಸ್ ಅಸೋಸಿಯೇಷನ್ 1995ರಲ್ಲಿ ಶುರುವಾಯಿತು. ಅದರ ವಿಶ್ವ ಚಾಂಪಿಯನ್‌ಷಿಪ್ ಪ್ರತಿ ನವೆಂಬರ್‌ನಲ್ಲಿ ಅಲ್ಲೇ ನಡೆಯುತ್ತದೆ.

2. ಟಿಕೆಟ್, ಜಾಗ

ಟಿಕೆಟನ್ನು ಆಯೋಜಕರ ಬಳಿಯೇ ಕೊಳ್ಳಿ, ಮರುಮಾರಾಟದ ಜಾಲತಾಣಗಳಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಮುಂದಿನ ಸಾಲು ಬೇಡ. ಕಬ್ಬಿಣದ ಬೇಲಿ ಅಡ್ಡ ಬರುತ್ತದೆ, ಧೂಳೂ ಹೆಚ್ಚು. ಐದಾರು ಸಾಲು ಮೇಲೆ, ಷೂಟ್‌ಗಳು ಓರೆಯಾಗಿ ಕಾಣುವ ಕಡೆ ಕೂರಿ. ಷೂಟ್ ಅಂದರೆ ಕುದುರೆಯನ್ನು ನಿಲ್ಲಿಸಿ ಸವಾರ ಏರುವ ಇಕ್ಕಟ್ಟಾದ ಕಟಕಟೆ. ಅಂಗಡಿ ಸಾಲಿನಲ್ಲಿ ಸಿಗುವ ಪ್ಲಾಸ್ಟಿಕ್ ದುರ್ಬೀನು ಕೊಳ್ಳಬೇಡಿ, ಅದರಲ್ಲಿ ಎಲ್ಲವೂ ಮಸುಕು. 8 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನು ಸಾಕು. ಬ್ರಾಂಕ್ ಸವಾರಿ ಶುರುವಿನಲ್ಲೇ ಇರುವುದುಂಟು, ಬೇಗ ಹೋಗಿ.

3. ಬಾಗಿಲು ತೆರೆಯುವ ಮುಂಚೆ

ಜನ ತಪ್ಪಿಸಿಕೊಳ್ಳುವುದು ಇದನ್ನೇ. ಸವಾರಿ ಅರ್ಧ ತೀರ್ಮಾನವಾಗುವುದು ಷೂಟ್ ಒಳಗೆ, ಲಗಾಮಿನ ಅಳತೆಯಲ್ಲಿ.

ಬ್ರಾಂಕ್ ಬಾಯಿಗೆ ಕಡಿವಾಣ ಇರುವುದಿಲ್ಲ. ಮುಖಕ್ಕೆ ಹಾಲ್ಟರ್ ಅನ್ನುವ ಪಟ್ಟಿ, ಅದಕ್ಕೆ ದಪ್ಪಗೆ ಹೆಣೆದ ಒಂದೇ ಲಗಾಮು. ಅದರಿಂದ ಕುದುರೆಯನ್ನು ತಡೆಯಲು ಆಗುವುದಿಲ್ಲ. ಸವಾರ ತನ್ನ ತೂಕ ಸರಿದೂಗಿಸಿಕೊಳ್ಳಲು ಮಾತ್ರ ಅದು. ಎಗರುವಾಗ ಕುದುರೆ ತಲೆಯನ್ನು ಮುಂಗಾಲುಗಳ ನಡುವೆ ತಗ್ಗಿಸುತ್ತದೆ. ಲಗಾಮು ಗಿಡ್ಡವಾದರೆ ಆ ತಲೆ ಸವಾರನನ್ನೂ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಉದ್ದವಾದರೆ ಕೈಗೆ ಬಿಗಿ ಸಿಗದೆ ಹಿಂದಕ್ಕೆ ಬೀಳುತ್ತಾನೆ.

ಅಳೆಯುವುದನ್ನು ದುರ್ಬೀನಿನಲ್ಲಿ ನೋಡಿ. ಕುದುರೆ ತಲೆ ನೇರವಾಗಿ ಇಟ್ಟುಕೊಂಡು ನಿಂತಿರಬೇಕು. ಸವಾರ ಲಗಾಮನ್ನು ಕತ್ತಿನ ಮೇಲಿಂದ ಹಿಂದಕ್ಕೆ ಎಳೆದು, ಜೀನಿನ ಮುಂಭಾಗದ ಉಬ್ಬಿನ ಹಿಂದೆ ಮುಷ್ಟಿ ಇಟ್ಟು ಹೆಬ್ಬೆರಳು ಚಾಚುತ್ತಾನೆ. ಅಲ್ಲಿಂದ ಒಂದೆರಡು ಬೆರಳು ಆಚೆ ಈಚೆ ಲೆಕ್ಕ. ತಲೆ ತುಂಬಾ ತಗ್ಗಿಸುವ ಕುದುರೆಗೆ ಜಾಸ್ತಿ ಲಗಾಮು, ತಲೆ ಎತ್ತಿಕೊಂಡೇ ಹಾರುವುದಕ್ಕೆ ಕಡಿಮೆ. ಜಾಗ ಗೊತ್ತಾದ ಮೇಲೆ ಕುತ್ತಿಗೆಯಿಂದ ನಾಲ್ಕು ಕೂದಲು ಕಿತ್ತು ಲಗಾಮಿನ ಹೆಣಿಗೆಯೊಳಗೆ ಸಿಕ್ಕಿಸುವವರೂ ಇದ್ದಾರೆ. ಕೈ ಎಲ್ಲಿರಬೇಕು ಅನ್ನುವುದಕ್ಕೆ ಅದೇ ಗುರುತು. ಆ ಕುದುರೆಯನ್ನು ಹಿಂದೆ ಏರಿದವನನ್ನು, ಅವನು ಎದುರಾಳಿಯೇ ಆಗಿರಲಿ, 'ಎಷ್ಟು ಲಗಾಮು ಬೇಕು?' ಅಂತ ಕೇಳುತ್ತಾರೆ. ಅವನು ನಿಜವನ್ನೇ ಹೇಳುತ್ತಾನೆ. ಬ್ರಾಂಕ್ ಸವಾರರ ಈ ಪದ್ಧತಿ ನನಗೆ ತುಂಬಾ ಪ್ರೀತಿ.

ಕುದುರೆಯ ಸೊಂಟದ ಬಳಿ ಕಟ್ಟುವ ಪಟ್ಟಿಯ ಬಗ್ಗೆಯೂ ಹೇಳಬೇಕು. ಅದನ್ನು ಕುದುರೆಯ ಗುಪ್ತಾಂಗಕ್ಕೆ ಕಟ್ಟುತ್ತಾರೆ ಎಂಬ ಮಾತು ಸುಳ್ಳು. ಅದು ಹೊಟ್ಟೆಯ ಹಿಂಭಾಗಕ್ಕೆ, ಹಿಂಗಾಲುಗಳ ಮುಂದೆ ಬರುತ್ತದೆ. ಒಳಗೆ ಕುರಿಯ ಉಣ್ಣೆ ಹೊದಿಸಿರುತ್ತಾರೆ, ಎಳೆದರೆ ತಕ್ಷಣ ಬಿಚ್ಚುತ್ತದೆ. ಕುದುರೆಗೆ ಅದು ಇಷ್ಟವಾಗುವುದಿಲ್ಲ, ಹಿಂಗಾಲು ಇನ್ನೂ ಎತ್ತಿ ಒದೆಯುತ್ತದೆ. ಇದು ಬೇಡ ಅನ್ನಿಸುವವರು ಹೋಗದಿರುವುದೇ ಸರಿ. ಆದರೆ ನಿಜ ತಿಳಿದು ತೀರ್ಮಾನಿಸಿ.

4. ಆ 8 ಸೆಕೆಂಡು

ಸವಾರ ತಲೆ ಆಡಿಸಿದ ಕೂಡಲೇ ಬಾಗಿಲು ತೆರೆಯುತ್ತದೆ. ಎಲ್ಲವನ್ನೂ ನೋಡಲು ಹೋಗಬೇಡಿ. ಒಂದೇ ಕಡೆ ಕಣ್ಣಿಡಿ: ಸವಾರನ ಸೊಂಟ ಮತ್ತು ಜೀನಿನ ಕೊಂಬಿನ ನಡುವಿನ ಜಾಗ.

ಮೊದಲ ಎರಡು ನೆಗೆತ ಮುಖ್ಯ. ಕುದುರೆಯ ಮುಂಗಾಲು ನೆಲಕ್ಕೆ ಬಡಿಯುವಾಗ ಸವಾರನ ಪಾದಗಳು ಮುಂದಿರಬೇಕು, ಹೆಗಲು ಹಿಂದಿರಬೇಕು. ಪಾದ ಹಿಂದಕ್ಕೆ ಜಾರಿದರೆ ಮುಂದಿನ ನೆಗೆತಕ್ಕೆ ಅವನ ಮೈ ಮುಂದಕ್ಕೆ ಮುಗ್ಗರಿಸುತ್ತದೆ. ಕುಂಡಿಗೂ ಜೀನಿಗೂ ನಡುವೆ ಬೆಳಕು ಕಂಡಿತೋ, ಅವನು ಆಗಲೇ ತಡವಾಗಿದ್ದಾನೆ ಅಂತ ಅರ್ಥ. ಮೂರನೇ ನೆಗೆತದಲ್ಲಿ ಬಿದ್ದವನು ತಪ್ಪಿದ್ದು ಮೊದಲನೆಯದರಲ್ಲೇ. ಇದೊಂದು ಹಿಡಿಸಿದರೆ ಬೀಳುವ ಮುಂಚೆಯೇ ನಿಮಗೆ ಗೊತ್ತಾಗತೊಡಗುತ್ತದೆ.

ಕುದುರೆಯನ್ನೂ ಮರೆಯಬೇಡಿ. ನೇರವಾಗಿ ಹಾರಿ ಒದೆಯುವುದು ನೋಡಲು ಚೆಂದ, ತಾಳ ಸಿಕ್ಕರೆ ಕೂರಲೂ ಆಗುತ್ತದೆ. ಗಾಳಿಯಲ್ಲೇ ಹೊಟ್ಟೆ ಹೊರಳಿಸುವುದು, ಒಂದು ಹೆಗಲು ದಿಢೀರನೆ ತಗ್ಗಿಸುವುದು ಕಷ್ಟದ ಕುದುರೆಗಳು. ತೀರ್ಪುಗಾರರು ಸವಾರನಿಗೂ ಕುದುರೆಗೂ ಎರಡಕ್ಕೂ ಅಂಕ ಕೊಡುತ್ತಾರೆ. ಹಾಗಾಗಿ ಸುಲಭದ ಕುದುರೆ ಸಿಕ್ಕಿದವನು 8 ಸೆಕೆಂಡು ಕೂತರೂ ಅಂಕ ಕಡಿಮೆ ಬರಬಹುದು. ಕುದುರೆ ಹಾರದೆ ಸುಮ್ನೆ ಓಡಿದರೆ ಇನ್ನೊಂದು ಕುದುರೆ ಕೊಡುವುದೂ ಇದೆ.

5. ಬಜರ್ ಆದ ಮೇಲೆ

ಕುದುರೆಗೆ ಬಜರ್ ಗೊತ್ತಿಲ್ಲ, ಅದು ಹಾರುತ್ತಲೇ ಇರುತ್ತದೆ. ಪಿಕಪ್ ಮೆನ್ ಅನ್ನುವ ಇಬ್ಬರು ಕುದುರೆ ಓಡಿಸಿಕೊಂಡು ಎರಡೂ ಬದಿಗೆ ಬರುತ್ತಾರೆ. ಸವಾರ ಒಬ್ಬನ ಸೊಂಟ ಹಿಡಿದು ಆಚೆಗೆ ಇಳಿಯುತ್ತಾನೆ, ಇನ್ನೊಬ್ಬ ಬಾಗಿ ಬ್ರಾಂಕ್‌ನ ಸೊಂಟದ ಪಟ್ಟಿ ಬಿಚ್ಚುತ್ತಾನೆ. ಈ ಇಬ್ಬರ ಕುದುರೆಗಳು ಒಂದಿಷ್ಟೂ ಬೆದರುವುದಿಲ್ಲ, ಅದನ್ನೂ ಗಮನಿಸಿ.

ಬ್ರಾಂಕ್ ಮುಗಿಯಿತು ಅಂತ ಎದ್ದು ಹೊರಡಬೇಡಿ. ಇಲ್ಲಿ ಸವಾರಿಯ ಅಂಕ ತಂಡದ ಲೆಕ್ಕಕ್ಕೆ ಸೇರುತ್ತದೆ, ಉಳಿದ ಸ್ಪರ್ಧೆಗಳದ್ದೂ ಹಾಗೇ. ಬ್ರಾಂಕ್ ಏರಿದವನ ರ‍್ಯಾಂಚಿನ ಹೆಸರು ಬರೆದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಅದೇ ತಂಡ ಹಗ್ಗ ಹಿಡಿದು ಪಳಗದ ಹಸುವಿನ ಹಾಲು ಕರೆಯಲು ಇಳಿಯುತ್ತದೆ. ಬಾಟಲಿಯಿಂದ ಸುರಿಯುವಷ್ಟಾದರೂ ಹಾಲು ತೀರ್ಪುಗಾರರಿಗೆ ತೋರಿಸಬೇಕು.